ನೆನಪಿನ ಮಳೆ, ಅಳತೆಯ ಮಳೆ

“ಮಾಷ್ಟ್ರೇ, ಈಚೆಗೆ ಓದಿದ್ದರಲ್ಲಿ ನಮಗೂ ಹೇಳುವಂಥದ್ದು ಏನಾದರೂ ಉಂಟೋ?” ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆಯ ಯಾವ ಅನುಪತ್ಯಕ್ಕೆ (ಸಮಾರಂಭಕ್ಕೆ) ಹೋದರೂ ಈ ಪ್ರಶ್ನೆ ನನಗೆ ತಪ್ಪುವುದಿಲ್ಲ. ಕೇಳುವವರಲ್ಲಿ ಹೆಚ್ಚಿನವರು ಅಡಿಕೆ ಕೃಷಿಕರಾದ್ದರಿಂದ, ಮನಸ್ಸು, ವಿಜ್ಞಾನ, ಆರೋಗ್ಯ ಎಂದು ಎಲ್ಲಿಂದ ತೊಡಗಿದರೂ ಮಾತು ಕೊನೆಗೆ ಮಳೆಗೇ ಬಂದು ನಿಲ್ಲುತ್ತದೆ. ಹಿಂದೆಯೂ ಹೀಗೆಯೇ ಇತ್ತು ಎನ್ನುವವರಿಗೂ ಹೀಗೆ ಎಂದೂ ಇರಲಿಲ್ಲ ಎನ್ನುವವರಿಗೂ ಚರ್ಚೆ ಹತ್ತಿಕೊಳ್ಳುತ್ತದೆ. ನನ್ನ ಉತ್ತರವೂ ಆ ಚರ್ಚೆಗೇ ಸಂಬಂಧಿಸಿದ್ದು. ಹವೆಯನ್ನು ಕುರಿತ ನಮ್ಮ ನೆನಪನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಪರೀಕ್ಷಿಸುವ ಬರಹಗಳೇ ಈಚಿನ ಓದಿನಲ್ಲಿ ನನಗೆ ಹೆಚ್ಚು ಹಿಡಿಸಿದವು.

ಅವುಗಳಲ್ಲಿ ಮೊದಲು ಹೇಳಬೇಕಾದದ್ದು 2019ರಲ್ಲಿ ಪ್ರಕಟವಾದ, ಫ್ರಾನ್ಸೆಸ್ ಮೂರ್ ಮತ್ತು ಸಂಗಡಿಗರ ಅಧ್ಯಯನ. ಅಮೆರಿಕದ ಜನರು ಟ್ವಿಟರಿನಲ್ಲಿ ಬರೆದ 200 ಕೋಟಿಗೂ ಮಿಕ್ಕಿದ ಸಂದೇಶಗಳನ್ನು ಅವರು ಆಯಾ ಊರಿನ ಉಷ್ಣತೆಯೊಂದಿಗೆ ಹೋಲಿಸಿ ನೋಡಿದರು. ಅಸಹಜವಾದ ಸೆಕೆಯೋ ಚಳಿಯೋ ಮೊದಲ ಸಲ ಬಂದಾಗ ಜನ ಅದರ ಬಗ್ಗೆ ಧಾರಾಳವಾಗಿ ಬರೆಯುತ್ತಾರೆ. ಅದೇ ಹವೆ ಕೆಲವು ವರ್ಷ ಮರುಕಳಿಸಿದರೆ ಸುಮ್ಮನಾಗುತ್ತಾರೆ. ಜನರು ‘ಸಹಜ’ ಎಂದು ಭಾವಿಸುವ ಹವೆಯು ಸುಮಾರು 2ರಿಂದ 8 ವರ್ಷಗಳ ಹಿಂದಿನ ಅನುಭವದಿಂದ ರೂಪುಗೊಂಡದ್ದು ಎಂದು ಅವರು ಲೆಕ್ಕ ಹಾಕಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಶ: ಹವೆಯ ಮಾತು ನಿಂತ ಮೇಲೂ ಬರಹದಲ್ಲಿ ಕಾಣುವ ಕಿರಿಕಿರಿ ಕಡಿಮೆಯಾಗಿರಲಿಲ್ಲ. ಅಂದರೆ ಜನ ಸೆಕೆಗೆ ಒಗ್ಗಿಕೊಂಡಿರಲಿಲ್ಲ, ಅದನ್ನು ಹೇಳುವುದನ್ನಷ್ಟೇ ಬಿಟ್ಟಿದ್ದರು. ಅಮೆರಿಕದ ಅಂಕಿಯನ್ನು ಕಾಸರಗೋಡಿಗೆ ಹಾಗೆಯೇ ತಂದು ಅಂಟಿಸಲಾಗದು. ಆದರೆ ಮಾರ್ಚ್ ತಿಂಗಳ ಸೆಕೆಯನ್ನು ‘ಇದು ಮಾಮೂಲಿ’ ಎಂದು ಬೆವರೊರೆಸಿಕೊಂಡು ತಳ್ಳಿಹಾಕುವ ನಮ್ಮವರನ್ನು ಕಂಡಾಗಲೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ.

ನೆನಪಿನ ಇನ್ನೊಂದು ಚಾಳಿಯನ್ನು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಹೋದ್ಯೋಗಿಗಳು 1993ರಲ್ಲೇ ತೋರಿಸಿದ್ದರು. 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈ ಅದ್ದಿದ ಅನುಭವಕ್ಕಿಂತ, ಅದೇ 60 ಸೆಕೆಂಡಿನ ಬಳಿಕ ನೀರು ಮೆಲ್ಲಗೆ 15 ಡಿಗ್ರಿಗೇರುವ ಇನ್ನೂ 30 ಸೆಕೆಂಡು ಅದ್ದಿದ ಅನುಭವವನ್ನೇ ಮತ್ತೊಮ್ಮೆ ಪಡೆಯಲು ಹೆಚ್ಚಿನವರು ಒಪ್ಪಿದರು. ಒಟ್ಟು ನೋವು ಜಾಸ್ತಿಯಾದರೂ ಕೊನೆ ಸಹ್ಯವಾಗಿದ್ದುದೇ ಅದಕ್ಕೆ ಕಾರಣ. ಮಳೆಗಾಲವನ್ನು ನಾವು ನೆನಪಿಡುವ ರೀತಿಯಲ್ಲೂ ಇದರ ಛಾಯೆ ಇದೆಯೆಂಬುದು ನನ್ನ ಗುಮಾನಿ: ಅತಿ ಜೋರಿನ ಒಂದು ದಿನ ಮತ್ತು ಮಳೆಗಾಲದ ಕೊನೆ ಮನಸ್ಸಿನಲ್ಲಿ ನಿಲ್ಲುತ್ತವೆ, ನಡುವಿನ ಬಿಡುವುಗಳು ಅಳಿದುಹೋಗುತ್ತವೆ.

ಕೃಷಿಕನಿಗೆ ಮುಖ್ಯವಾದದ್ದು ಆ ಬಿಡುವುಗಳೇ. ಎಡೆಬಿಡದ ಮಳೆ, ತಂಪು, ನಡುನಡುವೆ ಇಣುಕುವ ಬಿಸಿಲು ಇವು ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ರೋಗಾಣುವಿಗೆ ಹೇಳಿ ಮಾಡಿಸಿದ ವಾತಾವರಣ. ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ಮದ್ದನ್ನು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಸುಮಾರು 40-45 ದಿನಗಳ ಬಳಿಕ ಇನ್ನೊಮ್ಮೆ ಬಿಡುವ (ಸಿಂಪಡಿಸುವ) ಕ್ರಮವು ಮಳೆಯ ವೇಳಾಪಟ್ಟಿಯನ್ನೇ ನಂಬಿ ನಿಂತಿದೆ. ಆ ವೇಳಾಪಟ್ಟಿ ಹೇಗಿದೆ ನೋಡಿ: 2023ರಲ್ಲಿ ಮುಂಗಾರು ಕೇರಳ ತಲುಪಿದ್ದು ಜೂನ್ 8ಕ್ಕೆ, 2025ರಲ್ಲಿ ಮೇ 24ಕ್ಕೆ. 2023ರ ಆಗಸ್ಟ್ ಅಂತೂ ದೇಶದ ಮಟ್ಟಿಗೆ 1901ರಿಂದೀಚಿನ ಅತಿ ಒಣ ಆಗಸ್ಟ್ ಎಂದು ಹವಾಮಾನ ಇಲಾಖೆ ದಾಖಲಿಸಿತು.

ವರ್ಷದ ಒಟ್ಟು ಮಳೆಯನ್ನಷ್ಟೇ ನೋಡಿ ‘ಏನೂ ಬದಲಾಗಿಲ್ಲ’ ಎನ್ನುವವರಿಗೆ ಪುಣೆಯ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ತಂಡದ 2017ರ ಸಂಶೋಧನೆಯನ್ನು ನಾನು ಸೂಚಿಸುತ್ತೇನೆ. 1950ರಿಂದ 2015ರ ನಡುವೆ ಮಧ್ಯಭಾರತದಲ್ಲಿ ಮುಂಗಾರಿನ ಒಟ್ಟು ಮಳೆ ತಗ್ಗಿದ್ದರೂ, ವ್ಯಾಪಕವಾಗಿ ಸುರಿಯುವ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾದವು. ಅರಬ್ಬೀ ಸಮುದ್ರದಿಂದ ಬರುವ ತೇವಾಂಶದ ಏರಿಳಿತವನ್ನು ಅವರು ಇದಕ್ಕೆ ಕಾರಣವಾಗಿ ಗುರುತಿಸಿದ್ದಾರೆ. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದೆಂಬುದು ಹಳೆಯ ಭೌತಶಾಸ್ತ್ರ. ನಮ್ಮ ಮುರಕಲ್ಲಿನ ಗುಡ್ಡಗಳಿಗೂ ಈ ವ್ಯತ್ಯಾಸ ಸಣ್ಣದಲ್ಲ. ನಿಧಾನವಾಗಿ ಸುರಿದ ಮಳೆ ಇಂಗಿ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಗೆ ಇಳಿಯುತ್ತದೆ. ಅಷ್ಟೇ ಮಳೆ ಎರಡು ಗಂಟೆಯಲ್ಲಿ ಹೊಯ್ದರೆ ಬಹುಪಾಲು ತೋಡು ಹಿಡಿದು ಸಮುದ್ರ ಸೇರುತ್ತದೆ. ಮಳೆ ಮಾಪಕದಲ್ಲಿ ಎರಡರ ಮೊತ್ತವೂ ಒಂದೇ.

ನಿತ್ಯಜೀವನದ್ದೂ ಒಂದಿರಲಿ ಎನ್ನುವವರಿಗೆ ನಿದ್ರೆಯ ಕುರಿತ 2022ರ ಅಧ್ಯಯನವಿದೆ. 68 ದೇಶಗಳ 47,000ಕ್ಕೂ ಹೆಚ್ಚು ಮಂದಿ ಧರಿಸಿದ, ನಿದ್ರೆಯನ್ನು ಅಳೆಯುವ ಕೈಪಟ್ಟಿಗಳ ದಾಖಲೆಯಂತೆ, ರಾತ್ರಿಯ ಉಷ್ಣತೆ 30 ಡಿಗ್ರಿ ದಾಟಿದರೆ ನಿದ್ರೆ ಸರಾಸರಿ 14 ನಿಮಿಷ ಕಡಿಮೆಯಾಗುತ್ತದೆ. ಕರಾವಳಿಯಲ್ಲಿ ಮಲಗುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಹಿರಿಯರ ನೆನಪಿಗೆ ಬೆಲೆಯೇ ಇಲ್ಲವೇ ಎಂದು ಕೆಲವರು ಮುನಿಸಿಕೊಳ್ಳುತ್ತಾರೆ. ಅವರಿಗೆ ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಬರೆದ ಪುಟ್ಟ ಟಿಪ್ಪಣಿಯನ್ನು ತೋರಿಸುತ್ತೇನೆ. ಪ್ರತಿ ಪೀಳಿಗೆಯ ವಿಜ್ಞಾನಿಗಳೂ ತಮ್ಮ ವೃತ್ತಿಯ ಆರಂಭದಲ್ಲಿ ಕಂಡ ಮೀನಿನ ಸಂಪತ್ತನ್ನೇ ಸಹಜ ಸ್ಥಿತಿಯೆಂದು ಎಣಿಸುವುದರಿಂದ ನಿಜವಾದ ನಷ್ಟ ಲೆಕ್ಕಕ್ಕೇ ಸಿಗುವುದಿಲ್ಲ ಎಂದ ಪಾಲಿ, ಅದಕ್ಕೆ ಸೂಚಿಸಿದ ಪರಿಹಾರ ಹಳಬರು ಬಿಟ್ಟುಹೋದ ವೃತ್ತಾಂತಗಳನ್ನೂ ವೈಜ್ಞಾನಿಕ ಮಾಹಿತಿಯಾಗಿ ಪರಿಗಣಿಸುವುದು. ನಮ್ಮ ಅಟ್ಟಗಳಲ್ಲಿ ಗೆದ್ದಲು ಹಿಡಿಯುತ್ತಿರುವ ಹಳೆಯ ಲೆಕ್ಕಪುಸ್ತಕಗಳಲ್ಲಿ ಮೊದಲ ಮದ್ದು ಬಿಟ್ಟ ದಿನ, ಸುರಂಗದ ನೀರು ಬತ್ತಿದ ತಿಂಗಳು ಇಂಥವು ಬರೆದಿದ್ದರೆ ಅವೂ ಆ ಜಾತಿಯ ದಾಖಲೆಗಳೇ. ಪಾಲಿಯವರ ಬರಹ ಒಂದೇ ಪುಟದ್ದು. ಓದಲು ಪುರುಸೊತ್ತಿಲ್ಲ ಎನ್ನುವವರಿಗೆ ನಾನು ಮೊದಲು ಕೊಡುವುದು ಅದನ್ನೇ.