ಕುದುರೆಮುಖ ಶಿಖರಕ್ಕೆ ಹೊರಟವರಿಗೆ: ಬೆಳಗಿನ ಹೊತ್ತು ಕಳೆಯಬೇಡಿ

ಕುದುರೆಮುಖ ಹತ್ತಬೇಕು ಅಂತ ಇರುವವರು ಮೊದಲು ಒಂದು ವಿಷಯ ತಿಳಿದಿರಲಿ. ನಡಿಗೆ ಶುರುವಾಗುವುದು ಕುದುರೆಮುಖ ಪಟ್ಟಣದಿಂದ ಅಲ್ಲ, ಮುಳ್ಳೋಡಿ ಅನ್ನುವ ಚಿಕ್ಕ ಹಳ್ಳಿಯಿಂದ. ಚಿಕ್ಕಮಗಳೂರು ಜಿಲ್ಲೆಯ ಕಳಸದಿಂದ ಸಂಸೆ ದಾಟಿ ಬಾಳೆಗಲ್‌ಗೆ ಬರಬೇಕು. ಅಲ್ಲಿಂದ ಮುಳ್ಳೋಡಿಗೆ ಕೆಲವು ಕಿಲೋಮೀಟರ್ ಕಲ್ಲು, ಗುಂಡಿಗಳ ದಾರಿ. ಅದು ಜೀಪಿನ ದಾರಿ. ಸ್ವಂತ ಕಾರನ್ನು ಕೆಳಗೇ ಬಿಟ್ಟು ಊರಿನ ಜೀಪು ಹತ್ತಿ. ಹೋಂಸ್ಟೇಯವರಿಗೆ ಹಿಂದಿನ ದಿನವೇ ಹೇಳಿಟ್ಟರೆ ಜೀಪು ಅವರೇ ಗೊತ್ತು ಮಾಡಿಕೊಡುತ್ತಾರೆ.

ಬೆಂಗಳೂರಿನಿಂದ ಕಳಸಕ್ಕೆ ರಾತ್ರಿ ಬಸ್ಸುಗಳಿವೆ. ತುಂಬಾ ಜನ ರಾತ್ರಿ ಬಸ್ಸಲ್ಲಿ ಬಂದು, ಬೆಳಿಗ್ಗೆ ಮುಖ ತೊಳೆದು, ನೇರ ಗುಡ್ಡ ಹತ್ತುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಟ್ಟಿಗೆಹಾರ ದಾಟಿದ ಮೇಲೆ ತಿರುವುಗಳಲ್ಲಿ ಸರಿಯಾಗಿ ನಿದ್ದೆ ಬರುವುದಿಲ್ಲ. ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡೆಯಬೇಕಾದ ದಿನ ಅದು. ನಾವು ಹಿಂದಿನ ದಿನ ಮಧ್ಯಾಹ್ನವೇ ಸಂಸೆ ಸೇರಿದ್ದೆವು. ರಾತ್ರಿ ಬಿಸಿ ಬಿಸಿ ಅಕ್ಕಿ ರೊಟ್ಟಿ ತಿಂದು ಬೇಗ ಮಲಗಿದೆವು. ಮರುದಿನ ನಮ್ಮ ಗುಂಪಿನಲ್ಲಿ ಯಾರೂ ಅರ್ಧಕ್ಕೆ ಕುಸಿಯದೇ ಇದ್ದದ್ದಕ್ಕೆ ಅದೇ ಕಾರಣ ಅಂತ ನನ್ನ ನಂಬಿಕೆ. ಮಂಗಳೂರು ಕಡೆಯವರು ಕಾರ್ಕಳ, ಬಜಗೋಳಿ, ಎಸ್.ಕೆ. ಬಾರ್ಡರ್ (ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಗಡಿ) ಮೇಲೆ ಬರಬಹುದು. ಆ ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗೇ ಹಾದುಹೋಗುತ್ತದೆ. ಚೆಕ್‌ಪೋಸ್ಟ್ ಇದೆ, ನಡುವೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ಕತ್ತಲಾಗುವ ಮೊದಲೇ ದಾಟಿಕೊಳ್ಳಿ.

ಪರವಾನಗಿ ಇಲ್ಲದೆ ಬೆಟ್ಟಕ್ಕೆ ಬಿಡುವುದಿಲ್ಲ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಶನಿವಾರ, ಭಾನುವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ. ವಾರದ ನಡುವೆ ರಜೆ ಹಾಕಲು ಆಗುವುದಾದರೆ ಹಾಕಿ. ಟಿಕೆಟ್ ಮಾಡಿಸಿದವರು ತಮ್ಮ ಗುರುತಿನ ಚೀಟಿಯನ್ನೇ ತರಬೇಕು. ಬೇರೆಯವರ ಹೆಸರಿನ ಟಿಕೆಟ್‌ನಲ್ಲಿ ಹೋಗಬಹುದು ಅಂದುಕೊಂಡು ಬರಬೇಡಿ.

ಈ ಮಿತಿಯನ್ನು ಕೆಲವರು ಬೈಯುತ್ತಾರೆ. ನನಗೆ ಅದು ಬೇಕೇ ಬೇಕು ಅನ್ನಿಸುತ್ತದೆ. ಹುಲ್ಲುಗಾವಲಿನ ಮೇಲೆ ಒಬ್ಬರೇ ನಡೆಯುವಷ್ಟು ಅಗಲದ ಕಾಲುದಾರಿ ಇದೆ. ಜನ ಜಾಸ್ತಿಯಾದಾಗ ಮುಂದಿನವರನ್ನು ದಾಟಲು ಪಕ್ಕದ ಹುಲ್ಲಿಗೆ ಇಳಿಯುತ್ತಾರೆ. ಅಲ್ಲಿ ಹುಲ್ಲು ಸಾಯುತ್ತದೆ. ಮುಂದಿನ ಮಳೆಗಾಲದಲ್ಲಿ ಅಲ್ಲೇ ನೀರು ಹರಿದು ಮಣ್ಣು ಕೊರೆಯುತ್ತದೆ. ಒಂದು ದಾರಿ ಇದ್ದ ಕಡೆ ಮೂರು ಕೆಂಪು ಗೀರುಗಳಾಗಿರುವುದನ್ನು ನೀವೇ ನೋಡುತ್ತೀರಿ. ಇಲ್ಲಿ ವರ್ಷಕ್ಕೆ ಸುಮಾರು 6,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಆ ಮಳೆಯನ್ನು ಹಿಡಿದಿಟ್ಟು ನಿಧಾನಕ್ಕೆ ಹಳ್ಳಗಳಿಗೆ ಬಿಡುವುದು ಈ ಹುಲ್ಲು ಮತ್ತು ಶೋಲಾ, ಅಂದರೆ ಕಣಿವೆಯ ಕುಳ್ಳ ಮರಗಳ ದಟ್ಟ ಕಾಡು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಉದ್ಯಾನದಲ್ಲಿದೆ. ಹಾಗಾಗಿ ಸಾಲಾಗಿ ನಡೆಯಿರಿ. ತಿರುವುಗಳಲ್ಲಿ ಅಡ್ಡ ಹಾಯಬೇಡಿ.

ಈಗ ಹೊತ್ತಿನ ವಿಷಯ. ಬೆಳಿಗ್ಗೆ ಗೇಟು ತೆರೆದ ಕೂಡಲೇ ಹೆಸರು ಬರೆಸಿ ಹೊರಡಬೇಕು. ನಿಗದಿಯಾದ ಹೊತ್ತು ಮೀರಿ ಬಂದವರನ್ನು ಒಳಗೆ ಬಿಡುವುದಿಲ್ಲ. ಸಂಜೆ ಇಂತಿಷ್ಟು ಹೊತ್ತಿಗೆ ವಾಪಸ್ ಬಂದಿರಲೇಬೇಕು. ರಾತ್ರಿ ಮೇಲೆ ಟೆಂಟ್ ಹಾಕುವಂತಿಲ್ಲ. ಅಂದರೆ ಬೆಳಿಗ್ಗೆ ನೀವು ಕಳೆದುಕೊಂಡ ಒಂದೊಂದು ಗಂಟೆಯೂ ಶಿಖರದಲ್ಲಿ ಕಮ್ಮಿಯಾಗುತ್ತದೆ. ನಾವು ಇಳಿಯುವಾಗ ಎದುರಿಗೆ ಬಂದ ಒಂದು ಗುಂಪನ್ನು ಅವರ ಗೈಡ್ ಶಿಖರಕ್ಕೆ ಇನ್ನೇನು ಅರ್ಧ ಗಂಟೆ ಇದೆ ಅನ್ನುವಾಗ ವಾಪಸ್ ತಿರುಗಿಸಿದರು. ಅವರಲ್ಲಿ ದಮ್ಮು ಇತ್ತು, ಹೊತ್ತು ಇರಲಿಲ್ಲ. ಗೈಡ್ ಮಾಡಿದ್ದೇ ಸರಿ.

ಮೊದಲ ಭಾಗ ಸುಲಭ. ಮನೆ, ಗದ್ದೆ, ತೋಟ ದಾಟಿ ಕಾಡಿನ ನೆರಳಲ್ಲಿ ದಾರಿ. ನಡುನಡುವೆ ಹಳ್ಳಗಳು. ಸಿಳ್ಳಾರ ಹಕ್ಕಿ ಕೂಗುವುದು ಕೇಳಿಸಿದರೆ ಒಂದು ನಿಮಿಷ ಮಾತು ನಿಲ್ಲಿಸಿ, ಮನುಷ್ಯರೇ ಶಿಳ್ಳೆ ಹಾಕಿದ ಹಾಗೆ ಇರುತ್ತದೆ. ಮುಂದೆ ಒಂಟಿಮರ ಅನ್ನುವ ಜಾಗ ಸಿಗುತ್ತದೆ. ಎಲ್ಲರೂ ಫೋಟೋಗೆ ನಿಲ್ಲುವುದು ಅಲ್ಲೇ. ಹೋಗುವಾಗ ಅಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ಬರುವಾಗಲೂ ಅದೇ ಮರ, ಅದೇ ನೋಟ ಇರುತ್ತದೆ, ಅಲ್ವಾ?

ಒಂಟಿಮರದಿಂದ ಮುಂದೆ ಬಯಲು. ಬಿಸಿಲು ನೇರ ತಲೆ ಮೇಲೆ. ಗುಡ್ಡದಿಂದ ಗುಡ್ಡಕ್ಕೆ ಹುಲ್ಲು, ನಡುವಿನ ಕಣಿವೆಗಳಲ್ಲಿ ಮಾತ್ರ ಕಡು ಹಸಿರು ಶೋಲಾ. ಕಾಡೊಳಗೆ ಕಾಲಿಟ್ಟ ತಕ್ಷಣ ತಂಪು, ಹೊರಬಂದ ತಕ್ಷಣ ಸೆಕೆ. ಇದೇ ಭಾಗದಲ್ಲಿ ಹೊಸಬರು ಸುಸ್ತಾಗುತ್ತಾರೆ. ಯಾಕೆಂದರೆ ಏರು ಮುಗಿಯಿತು ಅಂದುಕೊಂಡಾಗ ಅದರ ಹಿಂದೆ ಇನ್ನೊಂದು ಏರು ಕಾಣಿಸುತ್ತದೆ. ಓಡಿ ಹತ್ತಿ ಕೂರುವುದಕ್ಕಿಂತ ನಿಧಾನಕ್ಕೆ ನಿಲ್ಲದೆ ನಡೆಯುವುದು ಒಳ್ಳೆಯದು. ನೀರು ಹಳ್ಳಗಳಲ್ಲಿ ಸಿಗುತ್ತದೆ, ಆದರೂ ಒಬ್ಬೊಬ್ಬರಿಗೆ ಎರಡು ಲೀಟರ್ ಜೊತೆಗಿರಲಿ. ಟೋಪಿ ಮರೆಯಬೇಡಿ.

ಶಿಖರದ ಎತ್ತರ 1,894 ಮೀಟರ್. ಹತ್ತಿರ ಬಂದಾಗ ಹಳೆಯ ಕಲ್ಲು ಕಟ್ಟಡದ ಪಾಳು ಗೋಡೆಗಳು ಸಿಗುತ್ತವೆ. ಆ ಗೋಡೆ ಹತ್ತಬೇಡಿ, ಕಲ್ಲುಗಳು ಸಡಿಲವಾಗಿವೆ. ತುದಿಯಲ್ಲಿ ಪಶ್ಚಿಮದ ಕಡೆ ಬೆಟ್ಟ ಒಮ್ಮೆಲೇ ಕರಾವಳಿಯತ್ತ ಧುಮುಕುತ್ತದೆ. ಅಂಚಿನಿಂದ ದೂರ ಇರಿ, ಮಂಜಿನಲ್ಲಂತೂ ಇನ್ನೂ ದೂರ. ನಾವು ಅಲ್ಲಿದ್ದಾಗ ಕೆಳಗಿನಿಂದ ಮಂಜು ಏರಿ ಬಂದು ಎದುರಿಗಿದ್ದವರೇ ಕಾಣದ ಹಾಗಾಯಿತು. ನಮ್ಮ ಗೈಡ್ ಅಲ್ಲಿಯದೇ ಊರಿನವರು. "ಮಂಜು ಬಂದ್ರೆ ಕೂತ್ಕೊಳ್ಳಿ, ದಾರಿ ಹುಡುಕೋಕೆ ಹೋಗ್ಬೇಡಿ" ಅಂದರು. ಸ್ವಲ್ಪ ಹೊತ್ತಿಗೆ ತಾನೇ ಸರಿಯಿತು. ಆಗ ಕಂಡ ಆ ಬೆಟ್ಟಸಾಲು, ಅದರ ಆಚೆ ತೆಳ್ಳಗೆ ಬಿದ್ದ ಕರಾವಳಿಯ ಬಯಲು! ನನಗೆ ಪಶ್ಚಿಮ ಘಟ್ಟದಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಇಲ್ಲ.

ಅಲ್ಲಿ ಕೂತಾಗ ಇನ್ನೊಂದು ಮಾತು ನೆನಪಿಗೆ ಬಂತು. ಈ ಬೆಟ್ಟಗಳ ಒಂದು ಭಾಗದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದರು. ಪಟ್ಟಣ ಹುಟ್ಟಿದ್ದೇ ಗಣಿಗಾಗಿ. ಅದಿರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೂ ಗಣಿ ನಡೆಯಿತು. ಜನರ ಹೋರಾಟ, ಸುಪ್ರೀಂ ಕೋರ್ಟಿನ ಆದೇಶ ಎಲ್ಲ ಆಗಿ 2005ರ ಕೊನೆಗೆ ನಿಂತಿತು. ಸಿಂಗಳೀಕಗಳು ಓಡಾಡುವ ಕಾಡು ಉಳಿದದ್ದು ಸುಮ್ನೆ ಅಲ್ಲ. ಅಂಥ ಜಾಗಕ್ಕೆ ಹೋಗಿ ಬಿಸ್ಕತ್ತಿನ ಪ್ಯಾಕೆಟ್ ಎಸೆಯಲು ಯಾರಿಗಾದರೂ ಹೇಗೆ ಮನಸ್ಸು ಬರುತ್ತದೋ ಗೊತ್ತಿಲ್ಲ. ಗೇಟಿನಲ್ಲಿ ಚೀಲ ನೋಡುತ್ತಾರೆ. ಊಟವನ್ನು ಸ್ಟೀಲ್ ಡಬ್ಬಿಯಲ್ಲೇ ಒಯ್ಯಿರಿ. ಹೋಂಸ್ಟೇಯವರಿಗೆ ಹೇಳಿದರೆ ಬೆಳಿಗ್ಗೆಯೇ ಚಿತ್ರಾನ್ನ ಕಟ್ಟಿಕೊಡುತ್ತಾರೆ.

ಯಾವಾಗ ಹೋಗಬೇಕು? ನನ್ನ ಆಯ್ಕೆ ಅಕ್ಟೋಬರ್‌ನಿಂದ ಡಿಸೆಂಬರ್. ಹುಲ್ಲು ಹಸಿರಾಗಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ, ದಾಟಲು ಭಯವಿರುವುದಿಲ್ಲ. ಜೂನ್, ಜುಲೈ ಚಿತ್ರಗಳು ಚೆಂದ. ಆದರೆ ಬೆಳಿಗ್ಗೆ ಮೊಣಕಾಲುದ್ದ ಇದ್ದ ಹಳ್ಳ ಮಧ್ಯಾಹ್ನದ ಮಳೆಗೆ ಸೊಂಟದವರೆಗೆ ಬರಬಹುದು. ಜೋರು ಮಳೆ ಇದ್ದಾಗ ಇಲಾಖೆಯವರು ಚಾರಣ ನಿಲ್ಲಿಸುವುದೂ ಉಂಟು. ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿಯ ಭಯ, ಆಗಲೂ ಮುಚ್ಚುತ್ತಾರೆ. ಹೊರಡುವ ಹಿಂದಿನ ವಾರ ಒಮ್ಮೆ ವಿಚಾರಿಸಿಕೊಳ್ಳಿ.

ಮಳೆ ಬಿಟ್ಟ ಮೇಲೂ ನೆರಳಿನ ಜಾಗಗಳಲ್ಲಿ ಇಂಬಳ ಇದ್ದೇ ಇರುತ್ತದೆ. ಹೆದರುವ ಅಗತ್ಯವಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಕಾಡೊಳಗೆ ನಿಲ್ಲದೆ ನಡೆಯಿರಿ. ಕಚ್ಚಿದರೆ ಕಿತ್ತು ಎಳೆಯಬೇಡಿ, ಉಗುರಿನಿಂದ ಮೆಲ್ಲಗೆ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಶೂ ಹಳೆಯದಾಗಿದ್ದರೂ ಪರವಾಗಿಲ್ಲ, ಅಡಿ ಸವೆದಿರಬಾರದು. ಇಳಿಯುವಾಗ ಹುಲ್ಲಿನ ಮೇಲಿನ ಒಣ ಮಣ್ಣು ಜಾರುತ್ತದೆ, ಮಂಡಿ ನೋವಿರುವವರು ಒಂದು ಕೋಲು ತನ್ನಿ.

ಇಷ್ಟು ದೂರ ನಡೆಯುವ ಅಭ್ಯಾಸವೇ ಇಲ್ಲದವರು, ಚಿಕ್ಕ ಮಕ್ಕಳಿರುವವರು ಮೊದಲು ಇದೇ ಉದ್ಯಾನದ ಕುರಿಂಜಾಲ್‌ಗೆ ಹೋಗಿ. ಅದು ಇದಕ್ಕಿಂತ ಚಿಕ್ಕ ನಡಿಗೆ, ಹುಲ್ಲುಗಾವಲು, ಶೋಲಾ ಎರಡೂ ಸಿಗುತ್ತವೆ. ಅದಕ್ಕೂ ಪರವಾನಗಿ ಬೇಕು.

ಮುಳ್ಳೋಡಿಯಲ್ಲಿ ಮೊಬೈಲ್ ನಂಬಬೇಡಿ. ಜೀಪಿಗೆ, ಊಟಕ್ಕೆ ನಗದು ಇಟ್ಟುಕೊಂಡಿರಿ. ಇಳಿದು ಬರುವ ಹೊತ್ತಿಗೆ ಜೀಪು ಕಾದಿರಲಿ ಅಂತ ಬೆಳಿಗ್ಗೆಯೇ ಮಾತಾಡಿಡಿ. ಅದೇ ರಾತ್ರಿ ಬಸ್ಸಿಗೆ ವಾಪಸ್ ಹೊರಡುವವರು ಕಳಸಕ್ಕೆ ಹೋಗುವ ಮೊದಲು ಸ್ನಾನಕ್ಕೆ, ಊಟಕ್ಕೆ ಎರಡು ಗಂಟೆಯಾದರೂ ಉಳಿಸಿಕೊಳ್ಳಿ. ಸಾಧ್ಯವಾದರೆ ಇನ್ನೊಂದು ರಾತ್ರಿ ಉಳಿದು, ಬೆಳಿಗ್ಗೆ ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ಪ್ರಸಾದದ ಊಟ ಮಾಡಿಕೊಂಡು ಊರಿಗೆ ಹೊರಡಿ.