ಇಲಿಗೆ ಶುಗರ್ ಇದ್ದರೆ ಮಲೇರಿಯಾ ಔಷಧಿ ಕೆಲಸ ಮಾಡಲ್ವಾ?

ಇಲಿಗಳಿಗೆ ಮಲೇರಿಯಾ ಔಷಧಿ ಕೊಟ್ಟು ನೋಡುವ ಕೆಲಸ ನನ್ನದು ಅಂದರೆ ಸಾಕು, ಮನೆಯಲ್ಲಿ ಶುಗರ್ ಇರುವವರು ತಪ್ಪದೆ ಕೇಳುತ್ತಾರೆ: "ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಔಷಧಿ ಹಿಡಿಯಲ್ವಾ?"

ಹೌದು ಅಂತಲೂ ಹೇಳಲಾರೆ, ಇಲ್ಲ ಅಂತಲೂ ಹೇಳಲಾರೆ. ಆ ಸಕ್ಕರೆಯನ್ನು ಎಳೆದಾಡುವವರು ತುಂಬ ಜನ.

ಮೊದಲನೆಯದು ಮಲೇರಿಯಾ ರೋಗಾಣುವೇ. ಅದಕ್ಕೆ ಸ್ವಂತ ಉಗ್ರಾಣ ಇಲ್ಲ. ಕೆಂಪು ರಕ್ತಕಣದೊಳಗೆ ಕೂತು, ರಕ್ತದಲ್ಲಿ ಹರಿದು ಬರುವ ಗ್ಲೂಕೋಸನ್ನೇ ತಿಂದು ಬದುಕುತ್ತದೆ. ಸೋಂಕಿದ ಕಣ ಒಳ್ಳೆಯ ಕಣಕ್ಕಿಂತ ಹತ್ತಾರು ಪಟ್ಟು ಹೆಚ್ಚು ಗ್ಲೂಕೋಸ್ ಖಾಲಿ ಮಾಡುತ್ತದೆ. ಕಾಯಿಲೆ ಜೋರಾದರೆ ಔಷಧಿ ಮುಟ್ಟದ ಇಲಿಗೂ ಸಕ್ಕರೆ ಇಳಿಯಬಹುದು.

ಔಷಧಿಯೂ ಸುಮ್ನೆ ಇರುವುದಿಲ್ಲ. ಕ್ವಿನೈನ್ ಎಂಬ ಮಲೇರಿಯಾ ಔಷಧಿ, ಸಕ್ಕರೆ ಇಳಿಸುವ ಇನ್ಸುಲಿನ್ ಹೆಚ್ಚು ಸ್ರವಿಸುವಂತೆ ಮಾಡುತ್ತದೆ. ತೀವ್ರ ಮಲೇರಿಯಾದ ರೋಗಿಗಳಲ್ಲಿ ಇದನ್ನು 1983ರಲ್ಲೇ ಥಾಯ್ಲೆಂಡಿನಿಂದ ವರದಿ ಮಾಡಿದ್ದರು. ಹಾಗಾಗಿ ಕ್ವಿನೈನ್ ಕೊಟ್ಟ ಇಲಿ ಸತ್ತರೆ, ಕೊಂದದ್ದು ರೋಗಾಣುವೋ ಸಕ್ಕರೆಯ ಇಳಿತವೋ? ರಕ್ತದಲ್ಲಿ ರೋಗಾಣು ಎಷ್ಟಿದೆ ಎಂದು ತೋರಿಸುವ ಗಾಜಿನ ಸ್ಲೈಡ್ ಒಂದನ್ನೇ ನೋಡಿದರೆ ಗೊತ್ತಾಗಲ್ಲ. (ಶುಗರ್ ಮಾತ್ರೆ ತಗೊಳ್ಳುವವರು ಮಲೇರಿಯಾ ಬಂದಾಗ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.)

ಶುಗರ್ ಇರುವ ಇಲಿ ಬೇಕೆಂದರೆ ಸ್ಟ್ರೆಪ್ಟೋಜೋಟೋಸಿನ್ ಎಂಬ ರಾಸಾಯನಿಕ ಚುಚ್ಚುತ್ತೇವೆ. ಅದು ಇನ್ಸುಲಿನ್ ತಯಾರಿಸುವ ಕೋಶಗಳನ್ನು ಹಾಳುಮಾಡುತ್ತದೆ. ಇಲಿ ಕೊಡಗಟ್ಟಲೆ ನೀರು ಕುಡಿದ ಹಾಗೆ ಕುಡಿಯುತ್ತದೆ, ಪಂಜರದ ಹೊಟ್ಟು ನೆನೆದು ಹೋಗುತ್ತದೆ, ತೂಕ ಇಳಿಯುತ್ತದೆ. ಮೂತ್ರಪಿಂಡ, ಯಕೃತ್ತಿನ ಕೆಲಸವೂ ಬದಲಾಗುತ್ತದೆ. ಔಷಧಿ ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದು ನಿಂತಿರುವುದು ಅವುಗಳ ಮೇಲೆಯೇ ಅಲ್ವಾ? ಇನ್ನು ಕ್ಲೋರೋಕ್ವಿನ್ ಎಂಬ ಮತ್ತೊಂದು ಮಲೇರಿಯಾ ಔಷಧಿ ಪೆಟ್ಟು ಕೊಡುವುದು ರೋಗಾಣು ಹಿಮೋಗ್ಲೋಬಿನ್ ಜೀರ್ಣಿಸಿಕೊಳ್ಳುವ ಜಾಗದಲ್ಲಿ, ಗ್ಲೂಕೋಸ್ ಸುಡುವ ಜಾಗದಲ್ಲಲ್ಲ. ರಕ್ತದಲ್ಲಿ ಔಷಧಿಯ ಮಟ್ಟ ಅಳೆಯದೆ, ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿದ ಶುಗರ್ ಇಲಿಗಳ ಇನ್ನೊಂದು ಗುಂಪನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ, "ಸಕ್ಕರೆಯೇ ಔಷಧಿಗೆ ಅಡ್ಡ ಬಂತು" ಅನ್ನುವವರ ಮಾತು ನಾನು ನಂಬಲ್ಲ.

ಊಟದ್ದು ಬೇರೆ ಕಾಟ. ಇಲಿಗಳ ಆಹಾರವನ್ನು ಸುಮಾರು ಮೂರನೇ ಒಂದು ಭಾಗ ಕಡಿಮೆ ಮಾಡಿದರೆ, ಔಷಧಿಯೇ ಇಲ್ಲದೆ ರೋಗಾಣು ಕಡಿಮೆ ಬೆಳೆಯುತ್ತದೆ ಎಂದು 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು. ಔಷಧಿಯಿಂದ ಇಲಿಗೆ ಊಟ ಸೇರದೇ ಹೋದರೆ, ರೋಗಾಣು ಇಳಿದ ಕೀರ್ತಿ ಯಾರಿಗೆ? ಅದಕ್ಕೇ ಔಷಧಿ ಇಲ್ಲದ ಇಲಿಗಳಿಗೂ, ಔಷಧಿ ಕೊಟ್ಟ ಇಲಿಗಳು ತಿಂದಷ್ಟೇ ತೂಕದ ತಿಂಡಿ ಹಾಕಬೇಕು.

ಅಳೆಯುವುದರಲ್ಲೂ ನಾನು ಮೋಸ ಹೋಗಿದ್ದೇನೆ. ಒಮ್ಮೆ ಬಾಲದ ತುದಿಯ ಹನಿ ತೆಗೆದು ಸ್ಟ್ರಿಪ್‌ಗೆ ಹಾಕಿದೆ. ನಂಬರು ಚೆನ್ನಾಗೇ ಬಂತು. ಪುಸ್ತಕದಲ್ಲಿ "ಸಕ್ಕರೆ ಸರಿಯಿದೆ" ಅಂತ ಬರೆದೆ. ಇಲಿ ಮಾತ್ರ ಮೈ ತಣ್ಣಗಾಗಿ ಮುದುಡಿ ಕೂತಿತ್ತು. ಮಲೇರಿಯಾದಿಂದ ರಕ್ತಕಣ ಕಡಿಮೆಯಾದಾಗ ಗ್ಲುಕೋಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ ಅಂತ ಆಮೇಲೆ ತಿಳಿಯಿತು. ಈಗ ಸಕ್ಕರೆಯ ನಂಬರಿನ ಪಕ್ಕ ರಕ್ತಕಣದ ಪ್ರಮಾಣವನ್ನೂ ಬರೆಯುತ್ತೇನೆ.