ಜಾನ್ ಮ್ಯೂರ್ ಟ್ರೇಲ್: ಪರ್ಮಿಟ್ ಫೆಬ್ರವರಿಲಿ, ಹಿಮದ ಲೆಕ್ಕ ಏಪ್ರಿಲ್‌ನಲ್ಲಿ

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ನಮ್ಮ ಕನ್ನಡದೋರು ಮೇ ತಿಂಗಳು ಬಂತು ಅಂದ್ರೆ ಶುರು ಮಾಡ್ತಾರೆ, ಈ ಸಮ್ಮರ್ ಜಾನ್ ಮ್ಯೂರ್ ಟ್ರೇಲ್ ಹೋಗೋಣ ಅಂತಿದೀವಿ, ಪರ್ಮಿಟ್ ಎಲ್ಲಿ ಸಿಗುತ್ತೆ ಅಂತ. ಅಷ್ಟೊತ್ತಿಗೆ ಒಳ್ಳೊಳ್ಳೆ ಡೇಟಿಗೆ ಪರ್ಮಿಟ್ ಹಂಚೋ ಲಾಟರಿ ಎಲ್ಲ ಮುಗ್ದಿರುತ್ತೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಲ್ಲಿ ಯೊಸೆಮಿಟಿ ನ್ಯಾಷನಲ್ ಪಾರ್ಕ್‌ನಿಂದ 4,421 ಮೀಟರ್ ಎತ್ತರದ ಮೌಂಟ್ ವಿಟ್ನಿವರೆಗೆ ಸುಮಾರು 340 ಕಿ.ಮೀ., ಆರಾಮಾಗಿ ನಡೆದ್ರೆ ಮೂರು ವಾರ. ಇಷ್ಟು ದೊಡ್ಡ ನಡಿಗೆಗೆ ಆಫೀಸ್ ರಜಾ ನೋಡಿ ಡೇಟ್ ಫಿಕ್ಸ್ ಮಾಡ್ಬೇಡಿ, ಬೆಟ್ಟ ನೋಡಿ ಫಿಕ್ಸ್ ಮಾಡಿ, ಆಮೇಲೆ ರಜಾ ಕೇಳಿ.

ತೊಡಕು ಇರೋದೇ ಇಲ್ಲಿ. ಯೊಸೆಮಿಟಿ ಲಾಟರಿ 24 ವಾರ ಮುಂಚೆ, ಅಂದ್ರೆ ಆಗಸ್ಟ್ ಮಧ್ಯದಲ್ಲಿ ಹೊರಡ್ಬೇಕು ಅಂದ್ರೆ ಫೆಬ್ರವರಿ ಕೊನೆ ಹೊತ್ತಿಗೇ ಅರ್ಜಿ ಹಾಕಿರ್ಬೇಕು. ಆದ್ರೆ ಆ ವರ್ಷ ಸಿಯೆರಾದಲ್ಲಿ ಹಿಮ ಎಷ್ಟು ಅನ್ನೋ ಮುಖ್ಯ ಲೆಕ್ಕ ಸಿಗೋದು ಏಪ್ರಿಲ್ 1ರ ಹೊತ್ತಿಗೆ. 2023ರಲ್ಲಿ ಯೊಸೆಮಿಟಿಯ ಟಯೋಗ ಪಾಸ್ (ಬೆಟ್ಟ ದಾಟೋ ಕಣಿವೆದಾರಿ) ರಸ್ತೆ ತೆರೆದಿದ್ದೇ ಜುಲೈ 22ಕ್ಕೆ, ರಸ್ತೆ ಕಥೆನೇ ಹೀಗಾದ್ರೆ ಮೇಲಿನ ಪಾಸ್‌ಗಳು ಹೇಗಿದ್ದಿರ್ಬೇಕು ಯೋಚ್ನೆ ಮಾಡಿ. ಹಿಮಕ್ಕಿಂತ ನಂಗೆ ಜಾಸ್ತಿ ಭಯ ಹೊಳೆಗಳದ್ದು, ಹಿಮ ಕರಗೋ ಟೈಮಲ್ಲಿ ಬೆಳಿಗ್ಗೆ ಮೊಣಕಾಲುದ್ದ ಇರೋ ನೀರು ಮಧ್ಯಾಹ್ನದ ಬಿಸಿಲಿಗೆ ಸೊಂಟಕ್ಕೆ ಬಂದ್ಬಿಡುತ್ತೆ, ಅದಕ್ಕೇ ಎವಲ್ಯೂಷನ್ ಕ್ರೀಕ್ ಥರದ ಹೊಳೆಗಳನ್ನ ಬೆಳಗಿನ ಜಾವವೇ ದಾಟ್ಬೇಕು. ಜುಲೈನಲ್ಲಿ ಸೊಳ್ಳೆ ಕಾಟ ಬೇರೆ. ಸೆಪ್ಟೆಂಬರ್ ಆಗ್ಲಿ ಅಂದ್ರೆ ಬೆಂಕಿ, ಹೊಗೆ. 2020ರಲ್ಲೂ 2021ರಲ್ಲೂ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಷನಲ್ ಫಾರೆಸ್ಟ್‌ಗಳನ್ನ ಮುಚ್ಚಿದ್ರು, ಈ ದಾರಿ ಅವುಗಳ ಮೂಲಕನೂ ಹೋಗುತ್ತೆ. ಎಲ್ಲ ತೂಗಿ ನೋಡಿದ್ರೆ ಆಗಸ್ಟ್ ಮೊದಲ ಎರಡು ವಾರದಲ್ಲಿ ಹೊರಡೋದು ಒಳ್ಳೇದು ಅನ್ಸುತ್ತೆ ನಂಗೆ.

ಅರ್ಜಿಲಿ ಟ್ರೇಲ್‌ಹೆಡ್ (ನಡಿಗೆ ಶುರುವಾಗೋ ಜಾಗ) ಹೆಸರು ಸರಿಯಾಗಿ ನೋಡಿ. ಹ್ಯಾಪಿ ಐಲ್ಸ್ ಅಥವಾ ಲೈಲ್ ಕ್ಯಾನ್ಯನ್ ಇದ್ರೆ ಸಾಲ್ದು, ಯೊಸೆಮಿಟಿ ಗಡಿಲಿರೋ ಡೊನಹ್ಯೂ ಪಾಸ್ ದಾಟೋಕೆ ಅವಕಾಶ ಇರೋದನ್ನೇ ಆರಿಸ್ಬೇಕು. ಆ ಒಂದು ಪರ್ಮಿಟ್ ಸಿಕ್ಕಿದ್ರೆ ವಿಟ್ನಿವರೆಗೂ ಅದೇ ನಡೆಯುತ್ತೆ, ಪಾರ್ಕ್‌ಗೊಂದು ಫಾರೆಸ್ಟ್‌ಗೊಂದು ಬೇಕಾಗಿಲ್ಲ. ಲಾಟರಿಲಿ ಬರ್ಲಿಲ್ಲ ಅಂತ ಕೈಬಿಡ್ಬೇಡಿ, ಕೋಟಾದ 60% ಮಾತ್ರ ಲಾಟರಿಗೆ, ಉಳಿದ 40% ಹೊರಡೋ ದಿನಕ್ಕೆ ಏಳು ದಿನ ಮುಂಚೆ ಬೆಳಿಗ್ಗೆ 7ಕ್ಕೆ ಬಿಡ್ತಾರೆ. ಒಬ್ರೇ ಅಥವಾ ಇಬ್ರೇ ಇದ್ರೆ ಸಿಗೋ ಚಾನ್ಸ್ ಜಾಸ್ತಿ, ಹತ್ತು ಜನರ ಗುಂಪು ಕಟ್ಕೊಂಡು ಹೋಗೋ ಆಸೆ ಇದ್ರೆ ಗುಂಪನ್ನ ಒಡೀರಿ.

ಇನ್ನು ಊಟ. ಕರಡಿ ಡಬ್ಬಿ (ಕರಡಿ ಕೈಲಿ ತೆಗೆಯೋಕಾಗದ ಗಟ್ಟಿ ಡಬ್ಬಿ) ಕಡ್ಡಾಯ, ಅದ್ರಲ್ಲಿ ಅವಲಕ್ಕಿ ಚಟ್ನಿಪುಡಿ ಜೊತೆ ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಕೂಡ ಹಿಡೀಬೇಕು, ಕರಡಿಗೆ ವಾಸನೆ ಇರೋದೆಲ್ಲ ಊಟನೇ. ಅವಲಕ್ಕಿನ ಮನೇಲೇ ಒಗ್ಗರಣೆ ಹಾಕಿ ಒಣಗಿಸಿ, ಝಿಪ್ ಕವರಲ್ಲಿ ಗಾಳಿ ತೆಗೆದು ಡಬ್ಬಿ ಗೋಡೆಗೆ ಒತ್ತಿ ಇಟ್ರೆ ಜಾಗ ಉಳಿಯುತ್ತೆ. ಮ್ಯೂರ್ ಟ್ರೇಲ್ ರ‍್ಯಾಂಚ್‌ಗೆ (ದಾರಿ ಮಧ್ಯದ ತಂಗುದಾಣ) ಮುಂದಿನ ದಿನಗಳ ಊಟದ ಬಕೆಟ್ ಮುಂಚೆನೇ ಕಳಿಸೋದನ್ನ ಪರ್ಮಿಟ್ ಕೈಗೆ ಬಂದ ವಾರವೇ ಪ್ಲಾನ್ ಮಾಡಿ, ಅಲ್ಲಿಂದ ಮುಂದೆ ದಾರೀಲಿ ಅಂಗಡಿ ಇಲ್ಲ, ಪಕ್ಕದ ಊರಿಗೆ ಇಳೀಬೇಕು ಅಂದ್ರೂ ಒಂದು ದಿನ ಹೋಗುತ್ತೆ.